ಶೇರ್ ಖಾನ್ ನಿಮ್ಮ ಮನೆಯಲ್ಲಿ ಯಾವ ಭಾಷೆ ಮಾತಾಡ್ತಿದ್ದ?

ಡೊಂಬಿವಲಿ ಕುಂದಾಪ್ರ

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಮುಂಬೈ, ಪುಣೆ, ಗೋವಾ ಕಡೆ ಬೆಳೆದ ನಮಗೆಲ್ಲ ಚಿಕ್ಕಂದಿನ ಕಾರ್ಟೂನ್ ಯಾವ ಭಾಷೆಯಲ್ಲಿ ನೆನಪಿದೆ?

ನನ್ನದು ಹೇಳ್ತೇನೆ. 1993. ಚಾಳಿನಲ್ಲಿ ಒಂದೇ ಕೋಣೆಯ ಮನೆ. ನನಗೆ ಏಳು ವರ್ಷ, ಮುನಿಸಿಪಾಲಿಟಿಯ ಕನ್ನಡ ಶಾಲೆ, ಹಿಂದಿ ಅರ್ಧಂಬರ್ಧ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಜಂಗಲ್ ಬುಕ್ ಬಂತು ಅಂದ್ರೆ ಅಕ್ಕಪಕ್ಕದ ನಾಲ್ಕು ಮನೆಯ ಮಕ್ಕಳು ನಮ್ಮ ಹೊಸ್ತಿಲ ತನಕ ತುಂಬಿಕೊಳ್ಳುತ್ತಿದ್ದರು. ಅಮ್ಮ ಸ್ಟೌ ಮುಂದೆ ಕೂತು ದೋಸೆ ಹೊಯ್ಯುತ್ತಾ, ಟಿವಿಗೆ ಅರ್ಧ ಬೆನ್ನು ಹಾಕಿಕೊಂಡೇ ಇಡೀ ಕಥೆ ಕನ್ನಡದಲ್ಲಿ ಹೇಳುತ್ತಿದ್ದರು. ಬಘೀರ ಅಮ್ಮನ ಬಾಯಲ್ಲಿ ಕರಿ ಚಿರತೆ ಅಣ್ಣ. ಬಾಲೂ ಕರಡಿ ಮಾವ. ಶೀರ್ಷಿಕೆ ಹಾಡಿನಲ್ಲಿ ಚಡ್ಡಿ ಹಾಕಿಕೊಂಡು ಅರಳುವ ಹೂವು ಬರುತ್ತದಲ್ಲ, ಅದನ್ನು ಅಮ್ಮ ಪ್ರತಿ ವಾರ ಬಿಡಿಸಿ ಹೇಳಬೇಕಿತ್ತು, ನಾವು ಪ್ರತಿ ವಾರ ಹೊಸದಾಗಿ ನಗುತ್ತಿದ್ದೆವು.

ಕೊನೆಯ ಕೆಲವು ವಾರ ನಾವು ಊರಿಗೆ ಹೋಗಿದ್ದೆವು, ನೋಡಲಿಕ್ಕಾಗಲಿಲ್ಲ. ಶೇರ್ ಖಾನ್ ಏನಾದ ಅಂತ ಅಳುತ್ತಾ ಕೇಳಿದಾಗ ಅಮ್ಮ ಹೇಳಿದ್ದು, "ಅವ ಘಟ್ಟ ಹತ್ತಿ ಹೋದ, ಇನ್ನು ಬರುದಿಲ್ಲ" ಅಂತ. ನಾನು ಅದನ್ನೇ ನಂಬಿಕೊಂಡು ಬೆಳೆದೆ. ಕಾಲೇಜಿನಲ್ಲಿ ಕಿಪ್ಲಿಂಗ್ ಪುಸ್ತಕ ಓದಿದಾಗ ಗೊತ್ತಾಯ್ತು, ಅಲ್ಲಿ ಮೌಗ್ಲಿ ಎಮ್ಮೆಗಳ ಹಿಂಡನ್ನು ಎರಡು ಕಡೆಯಿಂದ ನುಗ್ಗಿಸಿ ಶೇರ್ ಖಾನನ್ನು ಕೊಲ್ಲುತ್ತಾನೆ. ಮನೆಗೆ ಬಂದು ಅಮ್ಮನನ್ನು ಕೇಳಿದೆ. "ಹುಲಿ ದೇವಿಯ ವಾಹನ ಮಗಾ, ಮಕ್ಕಳ ಎದುರು ಅದನ್ನ ಸಾಯ್ಸುದಾ?" ಅಂದರು.

ಮೊನ್ನೆ ನನ್ನ ಮಗ ಅದೇ ಸರಣಿಯ ತುಣುಕು ಫೋನಿನಲ್ಲಿ ನೋಡಿ, ಇದು ಕನ್ನಡದಲ್ಲಿ ಇಲ್ವಾ ಅಂತ ಕೇಳಿದ. ಇತ್ತಲ್ಲ ಅಂತ ಬಾಯಿಗೆ ಬಂತು. ಆಮೇಲೆ ಹೊಳೆಯಿತು, ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಪಿಂಪ್ರಿ ಪೋರ

ಅಕ್ಕಾ, ಓದಿ ಖುಷಿಯಾಯ್ತು. ಒಂದು ವಿಷಯ ಗೊತ್ತಾ, ಅದು ಅನಿಮೆ! ಜಪಾನಿನ ನಿಪ್ಪಾನ್ ಅನಿಮೇಷನ್ ಮಾಡಿದ್ದು, ಅಲ್ಲಿ 1989ರಲ್ಲಿ ಶುರುವಾದ 52 ಕಂತುಗಳ ಸರಣಿ. ನಾನು ಅನಿಮೆ ನೋಡ್ತಾ ಕೂತರೆ "ಏನಿದು ದೊಡ್ಡ ಕಣ್ಣಿನ ಗೊಂಬೆಗಳು" ಅಂತ ನಮ್ಮಪ್ಪ ಬೈತಾರೆ. ಅವರ ಕಾಲದ ಅತಿ ಇಷ್ಟದ ಕಾರ್ಟೂನ್ ಅನಿಮೆ ಅಂತ ತೋರಿಸಿದ ಮೇಲೆ ಈಗ ಜೊತೆಗೆ ಕೂತು ನೋಡ್ತಾರೆ.

ಇನ್ನೊಂದು. ನಿಮ್ಮ ಅಮ್ಮ ಹೇಳಿದ ಅಂತ್ಯ ಸುಳ್ಳೇನಲ್ಲ. 1967ರ ಡಿಸ್ನಿ ಚಿತ್ರ ನೋಡಿ. ಅಲ್ಲಿ ಮೌಗ್ಲಿ ಉರಿಯುವ ಕೊಂಬೆಯನ್ನು ಶೇರ್ ಖಾನ್ ಬಾಲಕ್ಕೆ ಕಟ್ಟುತ್ತಾನೆ, ಹುಲಿ ಹೆದರಿ ಓಡಿಹೋಗುತ್ತೆ. ಸಾಯಲ್ಲ.

ಡೊಂಬಿವಲಿ ಕುಂದಾಪ್ರ

ಹೌದಾ! ಅಮ್ಮ ಆ ಚಿತ್ರ ನೋಡಿಯೇ ಇಲ್ಲ. ಈಗಲೇ ಹೇಳ್ತೇನೆ ಅವರಿಗೆ.

ವಾಸ್ಕೋ ಹುಡುಗ

ನಮ್ಮದು ಗೋವಾ ರೀ. ಅಪ್ಪ ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದವರು. ಮನೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಕೊಂಕಣಿ ಮಾತಾಡುವ ಮನೆಯ ಕಿಟಕಿಯ ಹೊರಗೆ ನಿಂತು ನೋಡೋದು, ಅವರು ಪಾಪ ಪರದೆ ಸರಿಸಿ ಇಡುತ್ತಿದ್ದರು. ಮಳೆಗಾಲದಲ್ಲಿ ಒಳಗೇ ಕರೆದು ಕೂರಿಸೋರು. ಡಕ್ ಟೇಲ್ಸ್ ಹಿಂದಿಯಲ್ಲಿ, ಆ ಮನೆಯ ಅಜ್ಜಿ ಕೊಂಕಣಿಯಲ್ಲಿ, ನಾನು ಮನೆಗೆ ಬಂದು ತಂಗಿಗೆ ಕನ್ನಡದಲ್ಲಿ. ಹಣದ ರಾಶಿಯಲ್ಲಿ ಈಜುವ ಆ ಬಾತುಕೋಳಿ ಮಾವನ ಬಗ್ಗೆ ತಂಗಿಗೆ ಹೇಳಿ ಹೇಳಿ ನನಗೆ ಕಥೆ ಹೇಳೋದೇ ರೂಢಿಯಾಯ್ತು.

ಆದರೆ ನನ್ನ ನಿಜವಾದ ಹೀರೋ ಟಿವಿಯಲ್ಲಿ ಇರಲಿಲ್ಲ. ಬಾಲಮಂಗಳದ ಡಿಂಗ! ಮಾವ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುವಾಗ ತರುತ್ತಿದ್ದರು. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಆ ಪುಸ್ತಕ ನಮ್ಮ ಕೈಗೆ ಬರುವಷ್ಟರಲ್ಲಿ ಮಾವನೇ ಎರಡು ಸಲ ಓದಿ ಮುಗಿಸಿರುತ್ತಿದ್ದರು. ಇಲಿಯೊಂದು ಎದೆ ಉಬ್ಬಿಸಿಕೊಂಡು ಆಕಾಶದಲ್ಲಿ ಹಾರಿ ಬರುತ್ತೆ ಅಂದ್ರೆ ಏನು ಧೈರ್ಯ ಬರ್ತಿತ್ತು ಗೊತ್ತಾ. ಹೊಸ ಊರು, ಶಾಲೆಯಲ್ಲಿ ಭಾಷೆ ಬರಲ್ಲ, ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವನು ನಾನು. ಡಿಂಗ ಇದ್ದಾನೆ ಅಂದುಕೊಂಡೇ ಶಾಲೆಗೆ ಹೋಗ್ತಿದ್ದೆ.

ಮಾಟುಂಗಾ ಓದುಗ

ಡಿಂಗನ ಹೆಸರು ಕೇಳಿ ಎಷ್ಟು ವರ್ಷವಾಯ್ತು ಮಾರಾಯ್ರೆ! ಪುಸ್ತಕದ ಮಾತು ಬಂತಲ್ಲ, ಹಾಗಾಗಿ ಸ್ವಲ್ಪ ದೊಡ್ಡದಾಗಿಯೇ ಬರೆಯುತ್ತೇನೆ.

ಅಮರ ಚಿತ್ರ ಕಥೆ ಅಂದ ಕೂಡಲೇ ಎಲ್ಲರೂ ಮುಂಬೈ ಅನ್ನುತ್ತಾರೆ, ಅನಂತ ಪೈ ಅನ್ನುತ್ತಾರೆ. ಸರಿಯೇ. ಪೈಗಳು ನಮ್ಮ ಕಾರ್ಕಳದವರು, 1929ರಲ್ಲಿ ಹುಟ್ಟಿದವರು, 1967ರಲ್ಲಿ ಆ ಕೆಲಸಕ್ಕೆ ಕೈ ಹಾಕಿದರು. ದೆಹಲಿಯಲ್ಲಿ ಒಂದು ಟಿವಿ ಕ್ವಿಜ್ ನೋಡಿ, ಮಕ್ಕಳಿಗೆ ಗ್ರೀಕ್ ದೇವರು ಗೊತ್ತು, ರಾಮನ ತಾಯಿ ಯಾರು ಅಂತ ಗೊತ್ತಿಲ್ಲ ಅಂತ ಅವರಿಗೆ ಬೇಸರವಾದ ಕಥೆ ನೀವು ಕೇಳಿರುತ್ತೀರಿ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಅದರ ಹಿಂದಿನದು. ಆ ಹೆಸರಿನ ಪುಸ್ತಕಗಳು ಮೊದಲು ಬಂದದ್ದು ಕನ್ನಡದಲ್ಲಿ! ಬೆಂಗಳೂರಿನಲ್ಲಿ, 1965ರಲ್ಲಿ, ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಸಿಂಡ್ರೆಲಾ ತರಹದ ಪಶ್ಚಿಮದ ಮಕ್ಕಳ ಕಥೆಗಳನ್ನು ಕನ್ನಡಕ್ಕೆ ತಂದಿದ್ದರು. ಆ ಸಾಲಿನಲ್ಲಿ ಮೊದಲ ಹತ್ತು ಅವೇ. ಅದಕ್ಕೇ ಪೈಗಳ 'ಕೃಷ್ಣ' ಪುಸ್ತಕದ ಸಂಖ್ಯೆ 11. ನಾನು ಹುಡುಗನಾಗಿದ್ದಾಗ 1ರಿಂದ 10 ಎಲ್ಲಿ ಹೋಯ್ತು ಅಂತ ಮಾಟುಂಗಾದ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದ್ದೇ ಹುಡುಕಿದ್ದು.

ಹಾಗಾಗಿ ಡೊಂಬಿವಲಿ ತಂಗಿಯ ಮಗ ಕೇಳಿದ್ದು ತುಂಬ ನ್ಯಾಯವಾದ ಪ್ರಶ್ನೆ. ಚಿತ್ರಕಥೆಯಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆ ಅಲ್ಲ. ಮೊದಲು ಬಂದ ಭಾಷೆ.

ಕೊತ್ರೂಡ್ ಧಾರವಾಡ

ಸರ್, ಇದು ಗೊತ್ತೇ ಇರಲಿಲ್ಲ. ಟಿಂಕಲ್ ಕೂಡ ಪೈಗಳದ್ದೇ ಅಲ್ವಾ, 1980ರಲ್ಲಿ ಶುರುವಾದದ್ದು. ಸುಪ್ಪಂಡಿ, ಶಿಕಾರಿ ಶಂಭು, ಕಾಲಿಯಾ ಕಾಗೆ. ಪುಣೆಯಲ್ಲಿ ನಮ್ಮ ಸೊಸೈಟಿಯ ಮಕ್ಕಳೆಲ್ಲ ಒಂದೊಂದು ಸಂಚಿಕೆ ಕೊಂಡು ಅದಲು ಬದಲು ಮಾಡಿಕೊಳ್ಳುತ್ತಿದ್ದೆವು.

ನನ್ನ ಪಾಲಿಗೆ ಮಾಲ್ಗುಡಿ ಡೇಸ್ ಈ ಸಾಲಿನಲ್ಲಿ ಸೇರಲೇಬೇಕು. ಕಾರ್ಟೂನ್ ಅಲ್ಲ ಅಂತ ಯಾರೂ ಜಗಳಕ್ಕೆ ಬರಬೇಡಿ. ಶುರುವಿನಲ್ಲಿ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು ಒಂದೊಂದಾಗಿ ಬರ್ತಿದ್ದಾಗ, ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿದ ಕೂಡಲೇ ನಮ್ಮಜ್ಜ ಪೇಪರ್ ಮಡಚಿಟ್ಟು ಎದ್ದು ಬರೋರು. ಶಂಕರ್‌ನಾಗ್ 1986ರ ಹೊತ್ತಿಗೆ ಆಗುಂಬೆಯಲ್ಲಿ ಚಿತ್ರೀಕರಿಸಿದ್ದು. ನಮ್ಮ ಮಳೆ, ನಮ್ಮ ಹೆಂಚಿನ ಮನೆ, ನಮ್ಮ ನಟರು, ಮಾತು ಮಾತ್ರ ಹಿಂದಿ! ಅಜ್ಜ ಅದನ್ನ ಒಪ್ಪಲೇ ಇಲ್ಲ. "ಇವ್ರು ಮನಿಯೊಳಗ ಕನ್ನಡಾನೇ ಮಾತಾಡ್ತಾರ, ಕ್ಯಾಮೆರಾ ಬಂದಾಗ ಅಷ್ಟ ಹಿಂದಿ" ಅಂತ ನಮಗೆ ಸಮಾಧಾನ ಹೇಳ್ತಿದ್ದರು.

ಲಕ್ಷ್ಮಣ್ ಅವರು ಮೈಸೂರಿನವರು, ಬದುಕು ಕಟ್ಟಿದ್ದು ಮುಂಬೈಯಲ್ಲಿ, ಕೊನೆಯ ದಿನಗಳು ನಮ್ಮ ಪುಣೆಯಲ್ಲಿ. 2015ರ ಗಣರಾಜ್ಯೋತ್ಸವದ ದಿನ ಇಲ್ಲೇ ಹೋದರು. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಬ್ರಷ್ ಹಿಡಿದು ನಿಂತಿದ್ದ ಗಟ್ಟು ಹುಡುಗನನ್ನೂ 1954ರಲ್ಲಿ ಬರೆದದ್ದು ಅವರೇ. ಆ ಹುಡುಗನ ಕಣ್ಣ ಮೇಲೆ ಬೀಳುವ ಕೂದಲು ನೋಡಿದರೆ ಈಗಲೂ ಮನೆಗೆ ಸುಣ್ಣ ಬಣ್ಣ ಹೊಡೆಸುವ ಹಬ್ಬದ ವಾಸನೆ ಬರುತ್ತೆ ನನಗೆ.

ಪಿಂಪ್ರಿ ಪೋರ

ಹಳೇದೆಲ್ಲ ಚೆನ್ನಾಗಿದೆ, ಒಪ್ಪಿದೆ. ಆದರೆ ಈಗಿನದನ್ನೂ ಹೇಳಲೇಬೇಕು. 2025ರ ಜುಲೈಯಲ್ಲಿ ಬಂದ ಮಹಾವತಾರ ನರಸಿಂಹ ನೋಡಿದಿರಾ? ಅಶ್ವಿನ್ ಕುಮಾರ್ ನಿರ್ದೇಶನ, ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ. ಕನ್ನಡದಲ್ಲೂ ಬಂತು. ನಾನು ಇಲ್ಲಿ ನೋಡಿದ್ದು ಹಿಂದಿ ಶೋ, ಥಿಯೇಟರಿನಲ್ಲಿ ಕಂಬ ಒಡೆಯುವ ಹೊತ್ತಿಗೆ ಜನ ಎದ್ದು ನಿಂತಿದ್ದರು. ಪಕ್ಕದಲ್ಲಿ ಒಬ್ಬರು ಅಜ್ಜ ಕೈ ಮುಗಿದುಕೊಂಡೇ ಇದ್ದರು. ನಮ್ಮ ದೇಶದ ಅನಿಮೇಷನ್ ಚಿತ್ರಕ್ಕೆ ದೊಡ್ಡವರು ಹೀಗೆ ಬರೋದನ್ನ ನಾನು ನೋಡಿರಲೇ ಇಲ್ಲ.

ಕೊತ್ರೂಡ್ ಧಾರವಾಡ

ನೋಡಿದೆ. ಕೊನೆಯ ಅರ್ಧ ಗಂಟೆ ನಿಜಕ್ಕೂ ಮೈ ಜುಮ್ ಅನ್ನಿಸಿತು. ಪ್ರಹ್ಲಾದನ ಮುಖ ಮಾತ್ರ ನನಗೆ ಸ್ವಲ್ಪ ಪ್ಲಾಸ್ಟಿಕ್ ಅನ್ನಿಸಿತು ಪುಟ್ಟಾ, ಕಣ್ಣಲ್ಲಿ ನೀರು ಇದೆ, ಕೆನ್ನೆ ಅಲುಗಲ್ಲ. ನಾವು 1983ರ ಭಕ್ತ ಪ್ರಹ್ಲಾದ ನೋಡಿ ಬೆಳೆದವರು. ಅಣ್ಣಾವ್ರ ಹಿರಣ್ಯಕಶಿಪು, ಎದುರಿಗೆ ಪುಟ್ಟ ಪುನೀತ್. ಆ ಮಗುವಿನ ಮುಖ ಮನಸ್ಸಿನಲ್ಲಿ ಕೂತಿರುವಾಗ ಬೇರೆ ಯಾವ ಪ್ರಹ್ಲಾದನಿಗೂ ಕಷ್ಟ.

ಪಿಂಪ್ರಿ ಪೋರ

ಅಕ್ಕ, ಅದು ಹೋಲಿಕೆಯೇ ಸರಿಯಲ್ಲ. ಒಂದು ನಿಜವಾದ ಮಗು, ಇನ್ನೊಂದು ಕಂಪ್ಯೂಟರಿನಲ್ಲಿ ಮಾಡಿದ್ದು. ಕಂಪ್ಯೂಟರಿನಲ್ಲಿ ಮುಖದ ಒಂದೊಂದು ಭಾಗವನ್ನೂ ಬೇರೆ ಬೇರೆ ಎಳೆದು ಕೂರಿಸಬೇಕು, ಹುಬ್ಬು ಏರಿದರೆ ಹಣೆ ಮಡಚಬೇಕು, ಅದಕ್ಕೆಲ್ಲ ಸಮಯ ಬೇಕು, ದುಡ್ಡು ಬೇಕು. ಹೊರಗಿನ ದೊಡ್ಡ ಸ್ಟುಡಿಯೋಗಳಿಗೆ ಇರುವಷ್ಟು ಇವರಿಗಿಲ್ಲ. ಆದರೂ ಜನ ಬಂದರು ಅಲ್ವಾ. ಮುಂದಿನವರಿಗೆ ದಾರಿ ಆಯ್ತು.

ಬಣ್ಣದ ಡಬ್ಬಿ

ನಾನು ಗೋರೆಗಾಂವ್‌ನಿಂದ. ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ, ಕೆನ್ನೆ ಅಲುಗಲ್ಲ ಅನ್ನೋ ಮಾತು ಕೇಳಿ ಬರೆಯಬೇಕು ಅನ್ನಿಸಿತು. ನನಗೀಗ 66. ಎಂಬತ್ತರ ದಶಕದಲ್ಲಿ ಮುಂಬೈಯ ಒಂದು ಸಣ್ಣ ಜಾಹೀರಾತು ಸ್ಟುಡಿಯೋದಲ್ಲಿ ನನ್ನ ಕೆಲಸ ಸೆಲ್ ಬಣ್ಣ ತುಂಬೋದು.

ಸೆಲ್ ಅಂದ್ರೆ ಪಾರದರ್ಶಕ ಹಾಳೆ. ಕಲಾವಿದರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದನ್ನು ಅದರ ಮೇಲೆ ಶಾಯಿಯಲ್ಲಿ ತಿದ್ದಬೇಕು. ಆಮೇಲೆ ಹಾಳೆ ಮಗುಚಿ, ಹಿಂಬದಿಯಿಂದ ಬಣ್ಣ. ಹಿಂಬದಿ ಯಾಕೆ ಅಂದ್ರೆ, ಮುಂದಿನಿಂದ ನೋಡಿದಾಗ ಶಾಯಿಯ ಗೆರೆ ಅಚ್ಚುಕಟ್ಟಾಗಿ ಉಳಿಯಬೇಕು, ಬ್ರಷ್ಷಿನ ಗುರುತು ಕಾಣಬಾರದು. ಕೈಗೆ ಬಿಳಿ ಹತ್ತಿಯ ಗ್ಲೌಸ್, ಬ್ರಷ್ ಹಿಡಿಯುವ ಬೆರಳುಗಳ ಕಡೆ ಮಾತ್ರ ಕತ್ತರಿಸಿಕೊಂಡು. ಒಂದು ಬೆರಳಿನ ಗುರುತು ಬಿದ್ದರೆ ಪರದೆಯ ಮೇಲೆ ಅದೇ ಎದ್ದು ಕಾಣುತ್ತೆ.

ಒಂದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ತೆಗೆದರೂ ಸೆಕೆಂಡಿಗೆ 12 ಚಿತ್ರ ಬೇಕು. ಕೈ ಒಂದು ಸೆಲ್ಲಿನಲ್ಲಿ, ಮೈ ಇನ್ನೊಂದರಲ್ಲಿ, ಒಂದರ ಮೇಲೆ ಒಂದು ಜೋಡಿಸಿ ಫೋಟೋ. ಹಾಳೆಗೂ ತನ್ನದೊಂದು ಮಬ್ಬು ಇರುತ್ತೆ. ಹಾಗಾಗಿ ಕೆಳಗಿನ ಪದರದ ಬಣ್ಣ ಒಂದು ಚೂರು ತಿಳಿಯಾಗಿ ಕಲಸಬೇಕು. ಇಲ್ಲದಿದ್ದರೆ ಅದೇ ಹುಡುಗನ ಅಂಗಿ ಎರಡು ಬಣ್ಣ ಕಾಣುತ್ತೆ. ಜುಲೈ ಬಂತು ಅಂದ್ರೆ ಬಣ್ಣ ಒಣಗೋದೇ ಇಲ್ಲ. ಮಳೆಗೆ ಹೊರಗೆಲ್ಲ ಥಂಡಿ, ನಾವು ಒಳಗೆ ಟೇಬಲ್ ಫ್ಯಾನ್ ಹಚ್ಚಿ, ಧೂಳು ಹಾರದ ಹಾಗೆ ಅದರ ಮುಖ ಗೋಡೆ ಕಡೆ ತಿರುಗಿಸಿ, ಸಾಲಾಗಿ ಸೆಲ್ ಒಣಗಿಸುತ್ತಿದ್ದೆವು. ಒಂದು ಪುಟ್ಟ ಹುಡುಗಿ ಬಿಸ್ಕತ್ತು ಕಚ್ಚಿ ನಗುವ ಮೂರು ಸೆಕೆಂಡಿಗೆ ನಾಲ್ಕು ದಿನ ಹಿಡಿದಿತ್ತು. ಕೆನ್ನೆ ಉಬ್ಬಬೇಕಲ್ಲ.

ಆದ್ದರಿಂದ ರಾಮಾಯಣ, ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ ಚಿತ್ರ 2025ರ ಜನವರಿಯಲ್ಲಿ ಥಿಯೇಟರಿಗೆ ಮತ್ತೆ ಬಂದಾಗ ನಾನು ಕಥೆ ನೋಡಲೇ ಇಲ್ಲ. ಕೈ ನೋಡಿದೆ. ಯುಗೊ ಸಾಕೊ, ಕೋಯಿಚಿ ಸಾಸಾಕಿ, ನಮ್ಮ ರಾಮ್ ಮೋಹನ್ ಸೇರಿ ಮಾಡಿದ ಆ ಚಿತ್ರದಲ್ಲಿ ಸೆಲ್ಲುಗಳೇ ಒಂದು ಲಕ್ಷದ ಹತ್ತಿರ. ರಾವಣನ ಸೈನ್ಯ ನುಗ್ಗಿ ಬರುವಾಗ ಒಬ್ಬೊಬ್ಬನ ಕೈಯಲ್ಲೂ ಈಟಿ ಬೇರೆ ಬೇರೆ ಎತ್ತರದಲ್ಲಿದೆ. ಯಾರೋ ಕೂತು ಅಷ್ಟನ್ನೂ ಬಣ್ಣ ತುಂಬಿದ್ದಾರೆ. ನನಗೆ ಕಣ್ಣು ತುಂಬಿ ಬಂತು.

ಮಾಟುಂಗಾ ಓದುಗ

ನೀವು ಬರೆದದ್ದು ಎರಡು ಸಲ ಓದಿದೆ ಮೇಡಂ. ಟೇಬಲ್ ಫ್ಯಾನಿನ ಮುಖ ಗೋಡೆಗೆ! ಇಂಥದ್ದನ್ನು ಯಾರೂ ಬರೆದಿಡಲ್ಲ.

ರಾಮ್ ಮೋಹನ್ ಅವರು ಕೆಲಸ ಕಲಿತದ್ದೂ ಮುಂಬೈಯ ಫಿಲ್ಮ್ಸ್ ಡಿವಿಷನ್‌ನಲ್ಲಿ. ಅಲ್ಲಿ ಕಾರ್ಟೂನ್ ವಿಭಾಗ 1956ರಲ್ಲಿ ಶುರುವಾಯ್ತು, ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ನಮ್ಮವರಿಗೆ ಕಲಿಸಿದರು. ಪೆಡ್ಡರ್ ರೋಡಿನ ಅದೇ ಆವರಣದಲ್ಲಿ 2019ರಿಂದ ಸಿನಿಮಾ ಮ್ಯೂಸಿಯಂ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. 1974ರಲ್ಲಿ ವಿಜಯಾ ಮುಳೆ ಮಾಡಿದ ಏಕ್ ಅನೇಕ್ ಔರ್ ಏಕ್ತಾ ನೆನಪಿರಬೇಕಲ್ಲ? ಬಲೆ ಸಮೇತ ಹಾರಿಹೋಗುವ ಹಕ್ಕಿಗಳು.

ವಾಸ್ಕೋ ಹುಡುಗ

ನೆನಪಿಲ್ಲದೆ ಏನ್ರೀ ಸರ್! ಅದೇ ಪಾರಿವಾಳದ ಕಥೆ ನಮಗೆ ಪಾಠದಲ್ಲಿ ಇತ್ತು. ಟಿವಿಯಲ್ಲಿ ನೋಡಿದಾಗ ಹಿಂದಿ ಒಂದಕ್ಷರ ಗೊತ್ತಿಲ್ಲದಿದ್ದರೂ ಎಲ್ಲ ಅರ್ಥ ಆಗಿತ್ತು.

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟೆಲ್ಲ ಇದ್ದೂ ಕನ್ನಡದ ಮಕ್ಕಳಿಗೆ ಕನ್ನಡ ಧ್ವನಿ ಯಾಕೆ ಇಷ್ಟು ತಡವಾಗಿ ಸಿಕ್ಕಿತು? ಚಿಂಟು ಟಿವಿ ಬಂದಿದ್ದು 2009ರಲ್ಲಿ. ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿಯಾಗಿತ್ತು. ದೊಡ್ಡ ಸಿನಿಮಾಗಳನ್ನ ಕನ್ನಡಕ್ಕೆ ಡಬ್ ಮಾಡಬಾರದು ಅಂತ ದಶಕಗಟ್ಟಲೆ ತಡೆದು ಕೂತರು. 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಆ ನಡುವೆ ಎರಡು ತಲೆಮಾರು ಬೇರೆ ಭಾಷೆಯಲ್ಲಿ ನಕ್ಕು ಬೆಳೆಯಿತು.

ಮಾಟುಂಗಾ ಓದುಗ

ತಮ್ಮಾ, ನಿನ್ನ ನೋವು ನನಗೆ ಅರ್ಥವಾಗುತ್ತದೆ. ಆ ಕಾಲದಲ್ಲಿ ತಡೆದವರಿಗೂ ಒಂದು ಭಯ ಇತ್ತು. ಕನ್ನಡದಲ್ಲಿ ಸಿನಿಮಾ ಮಾಡುವವರೇ ಕಡಿಮೆ, ಡಬ್ಬಿಂಗ್ ಬಂದರೆ ಇದ್ದ ಕೆಲಸವೂ ಹೋಗುತ್ತದೆ ಅಂತ. ಅದು ಸುಳ್ಳಲ್ಲ. ಆದರೆ ಮಕ್ಕಳ ಕಾರ್ಟೂನಿಗೂ ಅದೇ ಅಳತೆ ಹಿಡಿಯಬಾರದಿತ್ತು ಅಂತ ನನಗೂ ಅನ್ನಿಸುತ್ತದೆ. ಊರಿನಲ್ಲಿದ್ದವರಿಗೆ ಬೀದಿಯಲ್ಲಿ ಕನ್ನಡ ಸಿಗುತ್ತಿತ್ತು. ನಮ್ಮ ಹಾಗೆ ಹೊರಗೆ ಇದ್ದವರ ಮಕ್ಕಳಿಗೆ ಮನೆಯ ನಾಲ್ಕು ಗೋಡೆ ಬಿಟ್ಟರೆ ಇನ್ನೆಲ್ಲಿ?

ಕೊತ್ರೂಡ್ ಧಾರವಾಡ

ಡಬ್ಬಿಂಗ್ ಆದರೆ ಸಾಕಾ, ಹೇಗೆ ಆಗಬೇಕು ಅನ್ನೋದೂ ಮುಖ್ಯ. ನಾನು ಆಡಿಯೋ ಕೆಲಸದಲ್ಲಿ ಇರುವವಳು, ಅದಕ್ಕೇ ಹೇಳ್ತೀನಿ. ಹಿಂದಿ ಜಂಗಲ್ ಬುಕ್ ಯಾಕೆ ಮನಸ್ಸಲ್ಲಿ ಉಳಿಯಿತು? ಹಾಡು ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದರು. ಶೇರ್ ಖಾನ್‌ಗೆ ನಾನಾ ಪಾಟೇಕರ್. ಅವರು ಸಾಲನ್ನು ಒಪ್ಪಿಸಲಿಲ್ಲ, ಉಸಿರು ಎಳೆದು, ನಿಲ್ಲಿಸಿ, ಆಮೇಲೆ ಬಿಟ್ಟರು. ನಮ್ಮಲ್ಲಿ ಅಂಥ ಗಂಟಲು ಇಲ್ವಾ? ಯಕ್ಷಗಾನದ ಬಣ್ಣದ ವೇಷದವರು ಒಂದು ಅಟ್ಟಹಾಸ ಕೊಟ್ಟರೆ ಸಾಕು, ಶೇರ್ ಖಾನ್ ಎದ್ದು ಬರ್ತಾನೆ. ಆದರೆ ಈಗಿನ ಎಷ್ಟೋ ಕನ್ನಡ ಡಬ್ಬಿಂಗಿನಲ್ಲಿ ಮಗು ಅಮ್ಮನಿಗೆ "ನಾನು ಅತ್ಯಂತ ಹಸಿದಿರುವೆನು" ಅನ್ನುತ್ತೆ! ಯಾವ ಮಗು ಹಾಗೆ ಕೇಳುತ್ತೆ? ಅಮ್ಮಾ ಹಸಿವು ಅಂದ್ರೆ ಮುಗೀತು.

ಡೊಂಬಿವಲಿಯವರ ಅಮ್ಮ ದೋಸೆ ಹೊಯ್ಯುತ್ತಾ ಹೇಳಿದ್ದೇ ಸರಿಯಾದ ಡಬ್ಬಿಂಗ್. ಕರಡಿ ಮಾವ ಅನ್ನೋ ಎರಡು ಪದದಲ್ಲಿ ಬಾಲೂ ಯಾರು ಅಂತ ಮಗುವಿಗೆ ಗೊತ್ತಾಗಿಹೋಯ್ತು. ರೀ, ಅವರ ಧ್ವನಿಯಲ್ಲಿ ಯಾಕೆ ರೆಕಾರ್ಡ್ ಮಾಡಬಾರದು? ನಿಜವಾಗಿ ಕೇಳ್ತಿದ್ದೀನಿ. ಕಿಪ್ಲಿಂಗ್ ಬರೆದ ಕಥೆ ಹಳೇದು, ಪುಸ್ತಕ ಬಂದದ್ದು 1894ರಲ್ಲಿ. ಅದನ್ನ ನಮ್ಮ ಮಾತಿನಲ್ಲಿ ಹೇಳೋಕೆ ಯಾರ ಅಡ್ಡಿಯೂ ಇಲ್ಲ. ಕಾರ್ಟೂನಿನ ಚಿತ್ರ, ಹಾಡು ಮುಟ್ಟೋದು ಬೇಡ. ಅಮ್ಮನ ಕಥೆ ಸಾಕು.

ಬಣ್ಣದ ಡಬ್ಬಿ

ಚಿತ್ರ ನಾನು ಬರೀತೀನಿ. ಕೈ ಈಗ ಸ್ವಲ್ಪ ನಡುಗುತ್ತೆ, ಆದರೆ ಕರಡಿಗೆ ನಡುಗಿದ ಗೆರೆಯೇ ಚೆನ್ನ, ರೋಮ ಬಂದ ಹಾಗೆ ಕಾಣುತ್ತೆ. ಹತ್ತು ಹನ್ನೆರಡು ಚಿತ್ರ ಸಾಕಲ್ವಾ?

ಪಿಂಪ್ರಿ ಪೋರ

ಸಾಕು ಸಾಕು ಅಜ್ಜಿ! ನೀವು ಸ್ಕ್ಯಾನ್ ಮಾಡಿ ಕಳಿಸಿ, ಕಣ್ಣು ಮಿಟುಕಿಸೋದು, ಬಾಲ ಆಡಿಸೋದು ನಾನು ಮಾಡ್ತೀನಿ. ಕಾಲೇಜು ಮುಗಿಸಿ ರಾತ್ರಿ ಕೂತರೆ ಆಗುತ್ತೆ.

ವಾಸ್ಕೋ ಹುಡುಗ

ತೋಳಗಳ ಗುಂಪಿನ ಧ್ವನಿ ನಾನು, ನನ್ನ ತಂಗಿ, ಅವಳ ಇಬ್ಬರು ಮಕ್ಕಳು. ಊಳಿಡೋಕೆ ಯಾವ ಭಾಷೆಯೂ ಬೇಡ.

ಕೊತ್ರೂಡ್ ಧಾರವಾಡ

ಹಾಗಾದ್ರೆ ಕೇಳಿ. ಫೋನಿನಲ್ಲೇ ರೆಕಾರ್ಡ್ ಮಾಡಿ ಪರವಾಗಿಲ್ಲ. ಫ್ಯಾನ್ ಆಫ್ ಮಾಡಿ, ಫ್ರಿಜ್ ಕೂಡ. ಕಿಟಕಿ ಮುಚ್ಚಿ. ಅಮ್ಮನ ಸುತ್ತ ರಜಾಯಿ, ಸೀರೆ ಏನಾದರೂ ತೂಗುಹಾಕಿ, ಧ್ವನಿ ಗೋಡೆಗೆ ಬಡಿದು ವಾಪಸ್ ಬರಬಾರದು. ಫೋನ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ಓದಿಸಬೇಡಿ. ಎದುರಿಗೆ ಮಗನನ್ನು ಕೂರಿಸಿ, ಅವನಿಗೆ ಹೇಳಲಿ. ನಡುವೆ ಅವನು ಏನಾದರೂ ಕೇಳಿದರೆ ಅದೂ ಇರಲಿ, ಕತ್ತರಿಸಲ್ಲ.

ಡೊಂಬಿವಲಿ ಕುಂದಾಪ್ರ

ಎರಡು ದಿನ ಉತ್ತರ ಕೊಡಲಿಕ್ಕಾಗಲಿಲ್ಲ, ಕ್ಷಮಿಸಿ. ನೀವೆಲ್ಲ ಬರೆದದ್ದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಗೋರೆಗಾಂವ್ ಮೇಡಂ ಬರೆದದ್ದನ್ನು ಮತ್ತೊಮ್ಮೆ ಓದಿಸಿಕೊಂಡರು. 1965ರ ಕನ್ನಡ ಪುಸ್ತಕದ ಮಾತು ಬಂದಾಗ, ಕಾರ್ಕಳದವರಾ, ಯಾರ ಮನೆಯವರು ಅಂತ ಶುರು ಮಾಡಿದರು.

ರೆಕಾರ್ಡಿಂಗಿಗೆ ಮೊದಲು ಬೇಡ ಅಂದರು, ನನ್ನ ಕುಂದಾಪ್ರ ಕನ್ನಡ ಪುಣೆಯವರಿಗೆ ಅರ್ಥ ಆಗ್ತದಾ ಅಂತ. ಆಗ ಮಗ ಅಜ್ಜಿಯ ಮಡಿಲಿಗೆ ತಲೆ ಕೊಟ್ಟು, ಕರಿ ಚಿರತೆ ಅಣ್ಣ ಮರದ ಮೇಲೆ ಏನು ಮಾಡ್ತಿದ್ದ ಹೇಳು ಅಂದ. ಅಮ್ಮ ಹೇಳ್ತಾ ಹೋದರು, ನಾನು ಫೋನ್ ತೆಗೆಯಲೇ ಮರೆತೆ. ಕುಕ್ಕರ್ ಮೂರನೇ ಸೀಟಿ ಹಾಕಿದಾಗ ನಿಲ್ಲಿಸಿದರು.

ಭಾನುವಾರ ಬೆಳಿಗ್ಗೆ ಮಾಡುವ ಅಂತ ಈಗ ಒಪ್ಪಿದ್ದಾರೆ. ಒಂದೇ ಷರತ್ತು. ಎಮ್ಮೆಗಳ ಹಿಂಡಿನ ಭಾಗ ಅವರು ಹೇಳುವುದಿಲ್ಲವಂತೆ. ಚಿತ್ರ ಬರೆಯುವವರಿಗೂ ಈಗಲೇ ತಿಳಿಸು ಅಂದಿದ್ದಾರೆ: ಕೊನೆಯ ಚಿತ್ರದಲ್ಲಿ ಘಟ್ಟ ಇರಬೇಕು, ಮಳೆ ಬರ್ತಾ ಇರಬೇಕು, ಶೇರ್ ಖಾನ್ ಬೆನ್ನು ಮಾತ್ರ ಕಾಣಬೇಕು.